ಮುಚ್ಚಿದ ಗಾಂಧಾರ

ಜೂನ್ ೩, ಮಂಗಳವಾರ

ಡಾಕ್ಟರು ನನ್ನ ಬಾಯಿ ಮುಚ್ಚಿಸಿದ್ದಾರೆ. ಧಾರವಾಡದಲ್ಲಿ ಅನೇಕರು ವರ್ಷಗಟ್ಟಲೆ ಪ್ರಯತ್ನಿಸಿ ಸೋತ ಕೆಲಸ ಇದು. ಸತ್ತೂರಿನ ಆಸ್ಪತ್ರೆಯಲ್ಲಿ ಚಹಾ ಕುಡಿದು ಮುಗಿಸುವಷ್ಟರಲ್ಲಿ ಆಗಿಹೋಯಿತು. ಗಂಟಲಿಗೆ ನಳಿಗೆ ಇಳಿಸಿ ಧ್ವನಿತಂತುವಿನ ಮೇಲೆ ಬೆಳೆದಿದ್ದ ಗಂಟನ್ನು ತೆಗೆದರು. ತಿಂಗಳೊಪ್ಪತ್ತು ಮಾತಿಲ್ಲ, ಪಿಸುಮಾತೂ ಇಲ್ಲ, ಹಾಡಿನ ವಿಚಾರವನ್ನಂತೂ ಎತ್ತಲೇಬೇಡಿ ಎಂದರು. ಬದಲಿಗೆ ಒಂದು ಪಾಟಿ, ಒಂದು ಬಳಪ. ಅರವತ್ತು ದಾಟಿದ ಮೇಲೆ ನಾನು ಮತ್ತೆ ಒಂದನೇ ಇಯತ್ತೆ.

ಪಾಟಿಯ ಮೇಲೆ ಬೈಗುಳ ಪೂರ್ತಿ ಹಿಡಿಸುವುದಿಲ್ಲ. ಅದಕ್ಕೇ ಈ ದಿನಚರಿ.

ವೆಂಕಣ್ಣ ನೋಡಲು ಬಂದಿದ್ದ. ನನ್ನ ಜೊತೆ ತಬಲಾ ನುಡಿಸುತ್ತಲೇ ಮುದುಕನಾದವನು. ಸಜ್ಜನ, ಆದರೆ ಎಲ್ಲದಕ್ಕೂ "ವಾಹ್" ಎನ್ನುವ ಕೆಟ್ಟ ಚಟ. ಬಚ್ಚಲ ನಲ್ಲಿ ಸೋರಿದರೂ ಲಯ ಸರಿಯಿದ್ದರೆ ದಾದ್ ಕೊಟ್ಟುಬಿಡುತ್ತಾನೆ. ನಾನು ಇಂದಿನವರೆಗೆ ಕಛೇರಿಯಲ್ಲಿ ಕೂತು ಯಾರಿಗೂ ಬಾಯಿಬಿಟ್ಟು ವಾಹ್ ಎಂದವಳಲ್ಲ, ಆಹಾ ಎಂದವಳಲ್ಲ. ಗುರುಗಳನ್ನು ಕೇಳಿದ ಕಿವಿ ಇದು, ಅಗ್ಗಕ್ಕೆ ಮಾರಾಟಕ್ಕಿಲ್ಲ.

"ಸುಹಾಸಿನಿ, ಗುರುಗಳ ಪುಣ್ಯತಿಥಿಗೆ ಈ ವರ್ಷ ಬ್ಯಾರೆ ಯಾರನ್ನರೆ ಹಾಡಲಿಕ್ಕೆ ಕೂಡಸೋಣೇನು?" ಎಂದ, ಮೆಲ್ಲಗೆ.

"ನಾ ಸತ್ತ ಮ್ಯಾಲೆ" ಎಂದು ಪಾಟಿಯ ಮೇಲೆ ಬರೆದು ತೋರಿಸಿದೆ.

ಪುಣ್ಯತಿಥಿ ಶ್ರಾವಣ ಹುಣ್ಣಿಮೆಯ ಮರುದಿನ. ಪ್ರತಿ ವರ್ಷ ಆ ಮಧ್ಯಾಹ್ನ ಗುರುಗಳ ಫೋಟೋದ ಮುಂದೆ ಕೂತು ಭೀಮಪಲಾಸಿ ಹಾಡುತ್ತೇನೆ, ಅವರೇ ನನಗೆ ಹಾಕಿಕೊಟ್ಟ ಶ್ರುತಿಯಲ್ಲಿ: ಕರಿ ನಾಲ್ಕು. ಹಾರ್ಮೋನಿಯಂನ ನಾಲ್ಕನೆಯ ಕರಿ ಮನೆಯೇ ನನ್ನ ಷಡ್ಜ. ಆ ಒಂದು ಮಧ್ಯಾಹ್ನಕ್ಕಾಗಿಯೇ ಉಳಿದ ವರ್ಷವನ್ನು ದಾಟಿಸುತ್ತೇನೆ. ಈ ಸಲ ತಪ್ಪಿದರೆ ಇನ್ನೆಂದೂ ಆ ಜಾಗದಲ್ಲಿ ಕೂಡಲಾರೆ. ಬರೆಯಲು ನಾಚಿಕೆ, ಆದರೆ ಹೆದರಿಕೆಯಾಗಿದೆ.

ಜೂನ್ ೬, ಶುಕ್ರವಾರ

ಬಾಯಿಲ್ಲದವಳ ತಲೆಯಾಟಕ್ಕೆ ಯಾರು ಬೇಕಾದರೂ ತಮಗೆ ಬೇಕಾದ ಅರ್ಥ ಹಚ್ಚಬಹುದು.

ಅಣ್ಣನ ಮಗ ಕಪಿಲ ಬಂದಿದ್ದ. ಚಿಕ್ಕವನಿದ್ದಾಗ ನಾನೇ ಇವನಿಗೆ ಹಾಡು ಹೇಳಿಕೊಟ್ಟಿದ್ದೆ. ಧ್ವನಿ ಒಡೆಯುವ ವಯಸ್ಸಿಗೆ ಒಡೆಯಿತು, ಮತ್ತೆ ಕೂಡಲಿಲ್ಲ. ಕಂಠವಿಲ್ಲ ಎಂದು ಹೇಳಿ ಕಳಿಸಿದೆ. ಹೇಳಿದ್ದು ಸರಿಯೇ ಇತ್ತು. ಅವನು ಸಾಲಿಯ ಬ್ಯಾಂಡಿಗೆ ಸೇರಿ ಕೊಂಬು ಊದಲು ಹತ್ತಿದ, ಊದುತ್ತ ಊದುತ್ತ ಜರ್ಮನಿಗೆ ಹೋಗಿ ಎರಡು ವರ್ಷ ಇದ್ದು ಬಂದ, ಈಗ ರಾಯಾಪುರದ ಒಂದು ಶಾಲೆಯಲ್ಲಿ ಸಂಗೀತದ ಮಾಸ್ತರ.

"ಅತ್ಯಾ, ನಿಮ್ಮ ಪಡಸಾಲಿ ಬೇಕಾಗೇದ. ಒಂದು ಕಛೇರಿ ಮಾಡವರಿದ್ದೇವಿ, ನಾನು, ಚಿನ್ಮಯೀ. ಇನ್ನೂರು ವರ್ಷದ ಹಿಂದಿನ ಸಂಗೀತ. ದೊಡ್ಡ ಹಾಲಿನ್ಯಾಗ ಆ ಪಿಯಾನೊ ಕೇಳಸೂದಿಲ್ಲ. ನಿಮ್ಮಲ್ಲಿ ಕಟ್ಟಿಗಿ ಜಂತಿ ಅವ, ದನಿ ಛಲೋ ನಿಲ್ಲತದ. ಹ್ಯಾಂಗೂ ಈಗ ನಿಮ್ಮ ಪಾಠ ನಿಂತಾವಲ್ಲ."

ಹೇಗೂ ನಿಂತಿವೆಯಂತೆ! ಬೇಡವೆಂದು ಜೋರಾಗಿ ತಲೆ ಅಲ್ಲಾಡಿಸಿದೆ. ಕುತ್ತಿಗೆ ನೋವಿನಿಂದ ಅದು ಅಡ್ಡಕ್ಕೂ ಹೋಗದೆ ಉದ್ದಕ್ಕೂ ಹೋಗದೆ ನಡುವೆ ಎಲ್ಲೋ ಆಡಿತು. ಪಾಟಿ ಹುಡುಕುವಷ್ಟರಲ್ಲಿ ಅವನು ಕಾಲು ಮುಟ್ಟಿ ನಮಸ್ಕಾರ ಮಾಡಿ, "ನನಗ ಗೊತ್ತಿತ್ತು, ನೀವು ಇಲ್ಲ ಅನ್ನೂದಿಲ್ಲ ಅಂತ" ಎಂದು ಹೊರಟೇಬಿಟ್ಟ.

ಜೂನ್ ೯, ಸೋಮವಾರ

ಪಿಯಾನೊ ಬಂತು. ತಾರಿಹಾಳದ ಯಾವುದೋ ಬಾಡಿಗೆ ಶೆಡ್ಡಿನಲ್ಲಿ ಚಿನ್ಮಯೀ ಎಂಬ ಆ ಹುಬ್ಬಳ್ಳಿಯ ಹುಡುಗಿ ಬಿಡಿಭಾಗಗಳನ್ನು ತರಿಸಿ ತಾನೇ ಕೂತು ಜೋಡಿಸಿದ್ದಂತೆ. ಇದಕ್ಕೆ ಪಿಯಾನೊ ಎನ್ನಬಾರದಂತೆ; ಫೋರ್ಟೆಪಿಯಾನೊ ಎನ್ನಬೇಕಂತೆ. ಈಗಿನದರ ಮುತ್ತಜ್ಜ. ಒಳಗೆ ಕಬ್ಬಿಣದ ಚೌಕಟ್ಟಿಲ್ಲ, ಎಲ್ಲಾ ಕಟ್ಟಿಗೆ, ಸುತ್ತಿಗೆಗಳಿಗೆ ಚರ್ಮದ ಹೊದಿಕೆ. ನಾಲ್ಕು ಜನ ಟೆಂಪೋದಿಂದ ಇಳಿಸಿದರು.

ಮನೆಗೆಲಸದ ಶಿವಲಿಂಗವ್ವ ಬಾಗಿಲಲ್ಲಿ ನಿಂತು ನೋಡಿ, "ಅಕ್ಕಾರ, ಇದು ಮೇಜೋ ಪೆಟಗಿನೋ? ಕಾಲ ನೋಡಿದ್ರ ಉಣ್ಣಾಕ ಇಟ್ಟಂಗ ಐತಿ, ಹೊಟ್ಟಿ ನೋಡಿದ್ರ ಹಾಸಗಿ ತುಂಬಾಕ ಬರೂವಂಗ ಐತಿ" ಎಂದಳು. ಈ ಊರಿನಲ್ಲಿ ಸಂಗೀತ ವಿಮರ್ಶೆ ಬರೆಯುವವರಿಗಿಂತ ಇವಳ ಮಾತಿಗೆ ಹೆಚ್ಚು ಅರ್ಥವಿದೆ.

ಮಧ್ಯಾಹ್ನ ಕಪಿಲ ಕೊಂಬು ಹಿಡಿದು ಚಿಗರಿ ಬಸ್ಸಿನಲ್ಲಿ ಬಂದಿಳಿದ. ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ, ತುದಿಗೆ ಧತ್ತೂರಿ ಹೂವಿನ ಬಾಯಿ. ಗುಂಡಿ ಇಲ್ಲ, ತೂತಿಲ್ಲ, ಏನೂ ಇಲ್ಲ. ತುಟಿ ಇಟ್ಟು ಊದಿದ.

ಹಿಂದಿನ ಗೌಳಿಗರ ಓಣಿಯಿಂದ ಒಂದು ಎಮ್ಮೆ ಉತ್ತರ ಕೊಟ್ಟಿತು. ಸುಳ್ಳಲ್ಲ. ಇವನು ಮತ್ತೊಮ್ಮೆ ಊದಿದ, ಅದು ಮತ್ತೊಮ್ಮೆ ಉತ್ತರ ಕೊಟ್ಟಿತು. ಕೋಣನ ಮುಂದೆ ಕಿನ್ನರಿ ನುಡಿಸಿದರಂತೆ ಎಂದು ಕೇಳಿದ್ದೆ. ಇಲ್ಲಿ ಕಿನ್ನರಿಗೂ ಕೋಣಕ್ಕೂ ಜುಗಲ್‌ಬಂದಿ.

ಜೂನ್ ೧೪, ಶನಿವಾರ

ದಿನವೂ ನಡೆದಿದೆ. ಬಾಗಿಲು ಹಾಕಿಕೊಂಡರೂ ಕೇಳುತ್ತದೆ, ಕಿವಿಗೆ ಅರಳೆ ಇಟ್ಟರೂ ಕೇಳುತ್ತದೆ. ಮಾತು ನಿಂತ ಮೇಲೆ ಕಿವಿ ಹೊಟ್ಟೆಬಾಕನಂತಾಗಿದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ.

ಈ ಕೊಂಬಿನ ಬಡತನವನ್ನು ಇಂದು ಕಪಿಲ ಹೆಮ್ಮೆಯಿಂದ ವರ್ಣಿಸಿದ. ಕೊಳವೆ ತಾನಾಗಿ ಕೊಡುವುದು ಬೆರಳೆಣಿಕೆಯ ಸ್ವರಗಳನ್ನು. ಅವು ತೆರೆದ ಸ್ವರಗಳು. ಉಳಿದವು ಬೇಕಾದರೆ ಬಲಗೈಯನ್ನು ಕೊಂಬಿನ ಬಾಯೊಳಗೆ ತುರುಕಿ, ಅರ್ಧ ಮುಚ್ಚಿ, ಪೂರ್ತಿ ಮುಚ್ಚಿ, ಬೇಡಿ ತರಬೇಕು. ಅವು ಮುಚ್ಚಿದ ಸ್ವರಗಳು. ಶ್ರುತಿ ಬದಲಾಯಿಸಬೇಕೆಂದರೆ ಒಂದು ಸುರುಳಿ ಬಿಚ್ಚಿ ಇನ್ನೊಂದು ಹಾಕಬೇಕು. ಈಗ ಹಾಕಿರುವುದು ನಮ್ಮ ಲೆಕ್ಕದಲ್ಲಿ ಬಿಳಿ ನಾಲ್ಕು, ನನ್ನ ಕರಿ ನಾಲ್ಕಿಗಿಂತ ಮೂರು ಮನೆ ಕೆಳಗೆ.

"ಇನ್ನೊಂದು ಮಾತು, ಅತ್ಯಾ. ಇದನ್ನ ಊದುವಾಗ ನಗಲಿಕ್ಕೆ ಬರೂದಿಲ್ಲ. ತುಟಿ ಅಗಲ ಆತಂದ್ರ ಸ್ವರ ಹೋತು."

ಈ ವಾದ್ಯದಲ್ಲಿ ನನಗೆ ಹಿಡಿಸಿದ ಗುಣ ಇದೊಂದೇ. ನಮ್ಮ ಈಗಿನ ಗಾಯಕರಿಗೆಲ್ಲ ಒಂದೊಂದು ಕೊಡಿಸಬೇಕು.

ಒಂದು ವಿಚಿತ್ರ. ಅದರ ತೆರೆದ ಗಾಂಧಾರ ಮಾತ್ರ ಹಾರ್ಮೋನಿಯಂನ ಗಾಂಧಾರದಂತೆ ಸುಳ್ಳು ಹೇಳುವುದಿಲ್ಲ. ಚೆನ್ನಾಗಿ ಜೋಡಿಸಿದ ತಂಬೂರಿಯಲ್ಲಿ ಕೆಳಗಿನ ಷಡ್ಜದ ಆ ಖರಜದ ತಂತಿ ಮೀಟಿದರೆ, ಯಾರೂ ನುಡಿಸದ ಗಾಂಧಾರವೊಂದು ತಾನೇ ಮೇಲೆದ್ದು ಬರುತ್ತದಲ್ಲ, ಅದೇ ಇದು. ಕುರುಡುಗೋಳಿಗೂ ಕಾಳು ಸಿಗುತ್ತದೆ ಎಂದುಕೊಂಡೆ. ಆದರೂ ಅದಕ್ಕಾಗಿ ಬಾಗಿಲು ತುಸು ತೆರೆದಿಟ್ಟೆ, ಸೆಕೆಯೂ ಇತ್ತು.

ಜೂನ್ ೨೫, ಬುಧವಾರ

ಸಂಗೀತಕ್ಕೆ ಒಂದು ಹೆಸರಾದರೂ ಬೇಡವೇ? ಬರೆದವನು ಯಾರೋ ಊರೂರು ಅಲೆದ ಜರ್ಮನ್ ಕೊಂಬುಗಾರ. ಅವನ ದೇಶದವರೇ ಅವನನ್ನು ಮರೆತಿದ್ದಾರಂತೆ. ಮರೆತವರು ಮೂರ್ಖರಲ್ಲ. ಮೊದಲ ಭಾಗದಲ್ಲಿ ಬೇಟೆಗೆ ಹೊರಟವರ ಗದ್ದಲ. ಕೊನೆಯದರಲ್ಲಿ ಬೇಟೆ ಸಿಗದೆ ಓಡಿಬಂದವರ ಗದ್ದಲ. ನಡುವೆ ಒಂದು ವಿಲಂಬಿತದಂಥದು ಇದೆ. ಅದರಲ್ಲಿ ಕೊಂಬು ಮೇಲೆ ಹತ್ತಿ ತಾರಸಪ್ತಕದ ಕೋಮಲ ಗಾಂಧಾರದ ಮೇಲೆ ನಿಲ್ಲುತ್ತದೆ. ಅದು ಮುಚ್ಚಿದ ಸ್ವರ. ಕೈ ಒಳಗೆ ಹೋಗುತ್ತದೆ, ದನಿ ಕುಗ್ಗುತ್ತದೆ, ಕೆಳಗೆ ಚಿನ್ಮಯೀಯ ಕಟ್ಟಿಗೆ ಪಿಯಾನೊ ಹುಟ್ಟಿದ ಕೂಡಲೇ ಸಾಯುವ ಸ್ವರಗಳನ್ನು ಒಂದೊಂದಾಗಿ ಇಡುತ್ತದೆ.

"ಯಾರೋ ಬಾಗಲಾ ಹಾಕ್ಕೊಂಡು ಅತ್ತಂಗ ಕೇಳತೈತ್ರಿ ಅಕ್ಕಾರ" ಎಂದಳು ಶಿವಲಿಂಗವ್ವ, ಕಸಬರಿಗೆ ಹಿಡಿದು ನಿಂತು.

ಕಪಿಲನಿಗೆ ಅದು ಸಿದ್ಧಿಸಿಲ್ಲ. ದಿನವೂ ಅಲ್ಲೇ ಒಡೆಯುತ್ತಾನೆ. ಕಾರಣ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಹತ್ತುವ ಮೊದಲೇ ಹೆದರಿ ಎದೆತುಂಬ ಉಸಿರು ತುಂಬಿಕೊಳ್ಳುತ್ತಾನೆ. ಹೇಳಲಿಲ್ಲ. ನನ್ನ ಗಂಟಲಿಗೆ ಅಪ್ಪಣೆಯಿಲ್ಲ, ಮತ್ತು ಪುಕ್ಕಟೆ ಪಾಠ ನಾನು ಹೇಳುವುದಿಲ್ಲ.

ಜುಲೈ ೮, ಮಂಗಳವಾರ

ಸತ್ತೂರು. ಡಾಕ್ಟರು ನಳಿಗೆ ಇಳಿಸಿ ನೋಡಿ, ಗಾಯ ಮಾಗಿದೆ, ಆದರೆ ಎಡಗಡೆಯ ತಂತು ಬಿಗಿದಿದೆ, ಮೊದಲಿನಂತೆ ಆಗುತ್ತದೋ ಇಲ್ಲವೋ ಹೇಳಲಾಗುವುದಿಲ್ಲ ಎಂದರು. ಇಂದಿನಿಂದ ಮಾತಾಡಬಹುದು, ಮೆಲ್ಲಗೆ ಗುನುಗಬಹುದು.

ಮನೆಗೆ ಬಂದವಳೇ ಕೋಣೆ ಹಾಕಿಕೊಂಡು ತಂಬೂರಿ ತೆಗೆದೆ. ಕರಿ ನಾಲ್ಕು. ಮಧ್ಯ ಷಡ್ಜ ಬಂತು, ಪಂಚಮದವರೆಗೆ ಬಂತು, ತಾರ ಷಡ್ಜಕ್ಕೆ ಬರೀ ಗಾಳಿ. ಅದರ ಮೇಲಿನ ಕೋಮಲ ಗಾಂಧಾರಕ್ಕೆ ಯಾರೋ ಒಳಗಿನಿಂದ ಬಟ್ಟೆ ತುರುಕಿದಂತೆ ದನಿ ಕಟ್ಟಿತು. ಮತ್ತೆ, ಮತ್ತೆ. ಅಲ್ಲೇ ಕಟ್ಟಿತು.

ಭೀಮಪಲಾಸಿಯ ಅಂತರಾ, ಮೇಲಕ್ಕೆ ಏರುವ ಎರಡನೆಯ ಭಾಗ, ಆ ಗಾಂಧಾರಕ್ಕೆ ಹೋಗಿ ನಿಲ್ಲಬೇಕು. ಅದಿಲ್ಲದೆ ಏನು ಹಾಡಲಿ, ಜೋಗುಳವೇ?

ಮಾತಾಡಬಹುದಂತೆ. ಯಾರಿಗೆ ಬೇಕು ಆ ಮಾತು! ಪಾಟಿಯೇ ಇರಲಿ. ಈ ದನಿಯನ್ನು ಯಾರಿಗೂ ಕೇಳಿಸುವುದಿಲ್ಲ.

ಜುಲೈ ೯

ಇಡೀ ದಿನ ಅಳು. ಸದ್ದಿಲ್ಲದೆ.

ಜುಲೈ ೧೬, ಬುಧವಾರ

ಶಿವಲಿಂಗವ್ವನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ವೆಂಕಣ್ಣನಿಗೆ ಎಲ್ಲ ಗೊತ್ತಾಗಿದೆ. ಬಂದು ಕೂತು, ಚಹಾ ಹೀರಿ, ಗಂಟಲು ಸರಿಮಾಡಿಕೊಂಡು, "ಶ್ರುತಿ ಸ್ವಲ್ಪ ಇಳಿಸಿದ್ರ ಹ್ಯಾಂಗ, ಸುಹಾಸಿನಿ? ವಯಸ್ಸಾದ ಮ್ಯಾಲೆ ಎಲ್ಲಾರೂ ಇಳಸ್ತಾರ" ಎಂದ.

ಎಲ್ಲರೂ! ಕರಿ ನಾಲ್ಕು ಗುರುಗಳು ಇಟ್ಟ ಜಾಗ. ಅದನ್ನು ಇಳಿಸುವುದು ಎಂದರೆ ಮುಖಕ್ಕೆ ಮಸಿ ಬಳಿದುಕೊಂಡು ಅವರ ಮುಂದೆ ಕೂತಂತೆ. ಪಾಟಿಯ ಮೇಲೆ "ಬಾಗಲಾ ಅಲ್ಲಿ ಅದ" ಎಂದು ಬರೆದು ತೋರಿಸಿದೆ. ಪಾಪ, ಬಸಿಯಲ್ಲಿದ್ದ ಚಹಾ ಬಿಟ್ಟು ಹೋದ.

ಆ ಸಿಟ್ಟಿನಲ್ಲೇ ಕಿವಿಗೆ ಕಪಿಲನ ಒಡೆದ ಗಾಂಧಾರ ಬಿತ್ತು. ತಡೆಯಲಾಗಲಿಲ್ಲ. ಪಡಸಾಲೆಗೆ ಹೋಗಿ ಬಳಪದಿಂದ ಪಾಟಿ ಕುಟ್ಟಿದೆ. ಇಬ್ಬರೂ ಬೆಚ್ಚಿದರು.

"ಉಸಿರು ತುಂಬಬ್ಯಾಡ. ಕದ್ದು ತಗೋ. ಸ್ವರಕ್ಕ ಹೆದರಿದ್ರ ಅದೂ ಹೆದರತದ" ಎಂದು ಬರೆದೆ. ಅವನು ಹಾಗೆ ಮಾಡಿದ. ಒಡೆಯಿತು. ಮತ್ತೆ ಮಾಡಿಸಿದೆ. ಚಿನ್ಮಯೀಗೆ, "ಅವಗ ದಾರಿ ತೋರಸಬ್ಯಾಡ. ಹಿಂದ ನಡಿ" ಎಂದು ಬರೆದು ತೋರಿಸಿದೆ. ಆ ಹುಡುಗಿ ತಕರಾರಿಲ್ಲದೆ ತಿದ್ದಿಕೊಂಡಳು. ನನ್ನ ಶಿಷ್ಯೆಯರಲ್ಲಿ ಇಂಥವರು ಅಪರೂಪ. ಸಂಜೆಗೆ ಒಂದು ಸಲ ಗಾಂಧಾರ ನಿಂತಿತು.

ಕುತೂಹಲಕ್ಕೆ ಕೇಳಿದೆ, ಪಾಟಿಯ ಮೇಲೆ: ಅಷ್ಟು ತ್ರಾಸಾದರೆ ಆ ಪುಣ್ಯಾತ್ಮ ಅಲ್ಲಿ ತೆರೆದ ಸ್ವರ ಬರೆಯಬಾರದಿತ್ತೇ?

"ಅವ ಸ್ವತಃ ಕೊಂಬಿನವ ಇದ್ದಾ ಅತ್ಯಾ, ಗೊತ್ತಿದ್ದೇ ಬರದಾನ. ಅವಗ ಆ ಮುಚ್ಚಿದ ದನಿನ ಬೇಕಾಗಿತ್ತು. ಮುಂದ ಕೊಂಬಿಗೆ ಗುಂಡಿ ಬಂದು, ಎಲ್ಲಾ ಸ್ವರಾನೂ ತೆರದು ಒಂದೇ ನಮೂನಿ ಆದವು. ಈಗಿನ ಹಾರ್ನಿನ್ಯಾಗ ಇದನ್ನ ನುಡಿಸಿದ್ರ ಸಪ್ಪಗ ಆಗತದ."

ಊನವನ್ನೇ ಒಡವೆ ಎನ್ನುವ ಜನ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಇವರು ಡೊಂಕು ನೆಲವನ್ನೇ ಹುಡುಕಿಕೊಂಡು ಹೋಗಿ ಕುಣಿಯುತ್ತಾರೆ.

ಜುಲೈ ೨೧, ಸೋಮವಾರ

ಇಂದು ಕಪಿಲ ಶಾಲೆಯ ಕೆಲಸವೆಂದು ಬರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಎಮ್ಮೆ ಕೂಡ ಮಧ್ಯಾಹ್ನ ಒಂದು ಸಲ ಕೂಗಿ ಸುಮ್ಮನಾಯಿತು. ಅಭ್ಯಾಸ ತಪ್ಪಿಸಿದರೆ ಬಾಯಿಗೆ ಜಂಗು ಹಿಡಿಯುತ್ತದೆ ಎಂದು ನಾಳೆ ಬರೆದು ತೋರಿಸಬೇಕು.

ಜುಲೈ ೨೭, ಭಾನುವಾರ

ಕಛೇರಿ ಮುಗಿಯಿತು. ಅಕ್ಷರಗಳು ಓರೆ ಬೀಳುತ್ತಿವೆ.

ಪಡಸಾಲೆ ತುಂಬಿತ್ತು. ಪುಕ್ಕಟೆ ಸಂಗೀತ, ಮೇಲೆ ಗಿರಮಿಟ್ಟು ಚಹಾ ಎಂದರೆ ಧಾರವಾಡದವರು ಕೊಂಬನ್ನೂ ಕೇಳುತ್ತಾರೆ. ಸುರುವಿಗೆ ಕಪಿಲ ಎದ್ದು ನಿಂತು ಕೈಮುಗಿದು ಹೇಳಿದ: "ಈ ಸಂಗೀತದಾಗ ನಡುವ ದಾದ್ ಕೊಡೂ ಪದ್ಧತಿ ಇಲ್ರಿ. ವಾಹ್ ಅನಬ್ಯಾಡ್ರಿ, ಕೈ ತಟ್ಟಬ್ಯಾಡ್ರಿ. ಎಲ್ಲಾ ಮುಗಿದ ಮ್ಯಾಲೆ ಒಮ್ಮೆಲೆ ಚಪ್ಪಾಳಿ ಹೊಡೀರಿ."

ಜನ ಕಂಗಾಲಾದರು. ನಮ್ಮವರಿಗೆ ಸಂಗೀತ ಕೇಳುವುದೆಂದರೆ ಅರ್ಧ ಕಿವಿಯ ಕೆಲಸ, ಅರ್ಧ ಬಾಯಿಯದು. ಮುಂದಿನ ಸಾಲಿನಲ್ಲಿ ವೆಂಕಣ್ಣ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕೂತ. ಅವನನ್ನು ನೋಡಿ ಮನಸ್ಸಿನಲ್ಲೇ ನಕ್ಕೆ. ನನಗೆ ಈ ನಿಯಮದ ತೊಂದರೆ ಇರಲಿಲ್ಲ. ಹೊರಗೆ ಪಾಟಿ, ಒಳಗೆ ಸ್ವಭಾವ.

ಬೇಟೆಯ ಭಾಗ ಮುಗಿಯಿತು. ಗೌಳಿಗರ ಎಮ್ಮೆ ದೊಡ್ಡ ಮನಸ್ಸು ಮಾಡಿ ಸುಮ್ಮನಿತ್ತು. ಆಮೇಲೆ ವಿಲಂಬಿತ. ಪಿಯಾನೊ ಮುಂದೆ ಹೋಗಲಿಲ್ಲ, ಹಿಂದೆ ನಡೆಯಿತು. ಕಪಿಲ ಉಸಿರನ್ನು ಎಲ್ಲಿ ತೆಗೆದುಕೊಂಡನೋ ನನಗೂ ಗೊತ್ತಾಗಲಿಲ್ಲ, ಅಷ್ಟು ಸೊಗಸಾಗಿ ಕದ್ದ. ಮೇಲೆ ಹೋದ. ಕೈ ಒಳಗೆ ಹೋಯಿತು. ಕೋಮಲ ಗಾಂಧಾರ ನಿಂತಿತು.

ಒಡೆಯಲಿಲ್ಲ. ಮುಚ್ಚಿಕೊಂಡೇ ನಿಂತಿತು, ಅಷ್ಟು ಸಣ್ಣಗೆ, ಅಷ್ಟು ಖರೇ. ನನ್ನ ಗಂಟಲಲ್ಲಿ ಕಟ್ಟಿದ ಅದೇ ಜಾಗ. ಎಲ್ಲ ತೆರೆದಿದ್ದರೆ ಆ ಸ್ವರಕ್ಕೆ ಹೇಳಲು ಏನೂ ಇರುತ್ತಿರಲಿಲ್ಲ. ಕೈ ಮೆಲ್ಲಗೆ ಹೊರಬಂದು ಅದು ಷಡ್ಜಕ್ಕೆ ತೆರೆಯಿತು ನೋಡು,

"ಆಹಾ!"

ಯಾರು ಎಂದು ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಕಪಿಲನೂ ನೋಡಿದ. ಅವನ ತುಟಿ ಅಗಲವಾಯಿತು. ಸ್ವರ ಹೋಯಿತು. ಕೊಂಬು ಕೈಯಲ್ಲಿ, ನಗು ಮುಖದಲ್ಲಿ, ಊದಲು ಬಾಯಿಯೇ ಇಲ್ಲ. ಚಿನ್ಮಯೀ ಒಬ್ಬಳೇ ಅಷ್ಟು ದೂರ ನಡೆಸಿದಳು, ಅವನು ತುಟಿ ಕೂಡಿಸಿಕೊಂಡು ಬಂದು ಸೇರುವವರೆಗೆ. ವೆಂಕಣ್ಣ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ, ಅಳುಬುರುಕ.

ಮುಗಿದ ಮೇಲೆ ಕಪಿಲ ಬಂದು ಎದುರಿಗೆ ನಿಂತ. ಪಾಟಿ ಕೋಣೆಯಲ್ಲಿ ಉಳಿದಿತ್ತು.

"ಸ್ವರಾ ಬಿಟ್ಟಿ" ಎಂದೆ.

"ಬಿಟ್ಟೆ, ಅತ್ಯಾ" ಎಂದ.

ಎಲ್ಲರೂ ಹೋದ ಮೇಲೆ ವೆಂಕಣ್ಣ ಚಪ್ಪಲಿ ಹಾಕಿಕೊಳ್ಳುತ್ತ, "ನಿನ್ನ ಆಹಾ ಎಲ್ಲಿ ಹತ್ತಿತ್ತು ಗೊತ್ತದೇನು? ಕೊಂಬಿನ ಷಡ್ಜದ ಮ್ಯಾಲೆ. ಬಿಳಿ ನಾಲ್ಕು. ಕೂದಲೆಳಿಯಷ್ಟೂ ಆಚಿಕಿಲ್ಲ, ಈಚಿಕಿಲ್ಲ" ಎಂದ. ನಾನು ಬಾಗಿಲು ತೋರಿಸಲಿಲ್ಲ, ಹೇಗೂ ಹೊರಟಿದ್ದ.

ಜುಲೈ ೩೦, ಬುಧವಾರ

ಮಳೆಯ ಥಂಡಿಗೆ ತಂಬೂರಿಯ ತಂತಿಗಳು ಸಡಿಲಾಗಿದ್ದವು. ಹಾಗೆಯೇ ಬಿಟ್ಟೆ. ಖರಜದ ತಂತಿ ತುಕ್ಕು ಹಿಡಿದಿತ್ತು, ದಪ್ಪನೆಯದೊಂದು ಹಾಕಿಸಿದೆ. ಎಲ್ಲ ಕೂಡಿ ಬಿಳಿ ನಾಲ್ಕರ ಸುತ್ತಮುತ್ತ ಬಂದು ಕೂತಿತು. ತಂಬೂರಿಗೇ ಬೇಕಾದರೆ ನಾನೇನು ಮಾಡಲಿ? ಖಾತ್ರಿಗೆ ಕಪಿಲನಿಗೆ ಒಂದು ಸಲ ಷಡ್ಜ ಊದು ಎಂದೆ, ಅಷ್ಟೇ.

ಪಿಯಾನೊ ಇನ್ನೂ ಒಯ್ದಿಲ್ಲ. ಮಳೆಯಲ್ಲಿ ಕಟ್ಟಿಗೆ ಹಾಳಾಗುತ್ತದೆ. ಶ್ರಾವಣ ಮುಗಿಯುವವರೆಗೆ ಇರಲಿ ಎಂದು ಚಿನ್ಮಯೀಗೆ ಹೇಳಿದ್ದೇನೆ.

ಆಗಸ್ಟ್ ೧೦, ಭಾನುವಾರ

ಹಾಡಿದೆ.

ಶ್ರುತಿ ಕೇಳಿದ ಕೂಡಲೇ ಮುಂದಿನ ಸಾಲಿನಲ್ಲಿ ಹೆಂಗಸರು ಒಬ್ಬರ ಕಿವಿ ಒಬ್ಬರು ಕಚ್ಚಿದರು. ಇವರೇನು ಕರಿ ನಾಲ್ಕನ್ನು ಕಂಡವರೇ, ಬಿಳಿ ನಾಲ್ಕನ್ನು ಕಂಡವರೇ? ಫೋಟೋದಲ್ಲಿ ಗುರುಗಳು ಎಂದಿನಂತೆ ಸಿಟ್ಟಿನಲ್ಲಿದ್ದರು. ಬದುಕಿದ್ದಾಗಲೂ ಆ ಮುಖ ಹಾಗೆಯೇ ಇತ್ತು.

ಕಪಿಲ ಕಟ್ಟಕಡೆಯ ಸಾಲಿನಲ್ಲಿ ಮಂಡಿಯ ಮೇಲೆ ಕೈ ಇಟ್ಟುಕೊಂಡು, ತನ್ನ ಜರ್ಮನ್ ಪದ್ಧತಿಯಂತೆ, ಉಸಿರಾಡದವನ ಹಾಗೆ ಕೂತಿದ್ದ.

ಅಂತರಾಕ್ಕೆ ಬಂದೆ. ತಾರ ಷಡ್ಜ ಬಂತು, ತುಸು ಗಾಳಿಯೊಡನೆ. ಮೇಲಿನ ಕೋಮಲ ಗಾಂಧಾರ ಮುಚ್ಚಿಯೇ ಬಂತು. ಇಳಿಸಿದ ಶ್ರುತಿಯಲ್ಲೂ ಮುಚ್ಚಿಯೇ ಬಂತು. ಹೋದ ತಿಂಗಳಾಗಿದ್ದರೆ ಕುತ್ತಿಗೆಯ ನರ ಉಬ್ಬಿಸಿ ಅದನ್ನು ಒದ್ದು ತೆರೆಯಲು ನೋಡುತ್ತಿದ್ದೆ. ಇಂದು ಅವಸರವಿರಲಿಲ್ಲ. ಉಸಿರು ಕದ್ದು ತೆಗೆದುಕೊಂಡು, ಮುಚ್ಚಿದ್ದನ್ನು ಮುಚ್ಚಿದಂತೆಯೇ ಹಿಡಿದು ನಿಂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಆಮೇಲೆ ಷಡ್ಜಕ್ಕೆ ಬಿಟ್ಟೆ.

ಎಲ್ಲದಕ್ಕೂ ವಾಹ್ ಎನ್ನುವ ವೆಂಕಣ್ಣನ ಬಾಯಿಂದ ಸದ್ದೇ ಇಲ್ಲ. ತಲೆ ತಗ್ಗಿಸಿ ಠೇಕಾ ಹಿಡಿದಿದ್ದ. ಕಡೆಯ ಸಾಲಿನಿಂದ, ಕಂಠವಿಲ್ಲದ ಆ ಒಡಕು ದನಿಯಲ್ಲಿ, ಇಡೀ ಸಭೆಗೆ ಕೇಳುವಂತೆ ಬಂತು:

"ಆಹಾ!"

ನಗು ಬಂತು ನನಗೆ. ಸ್ವರ ಹೋಯಿತು. ತಂಬೂರಿ ನಡೆದಿತ್ತು, ತಬಲಾ ನಡೆದಿತ್ತು, ನಾನು ಬಾಯಿ ತೆರೆದು ನಗುತ್ತ ಕೂತಿದ್ದೆ, ಗುರುಗಳ ಫೋಟೋದ ಮುಂದೆ. ಮತ್ತೆ ಹಾಡಿನ ಮೊದಲ ಸಾಲಿನ ಮುಖಡಾ ಹಿಡಿಯಲು ತಾಳದ ಒಂದು ಆವರ್ತನ ಬೇಕಾಯಿತು.

ಸೇಡು ತೀರಿಸಿಕೊಂಡ, ಕತ್ತೆ. ಅದೂ ತಪ್ಪು ಜಾಗದಲ್ಲಿ, ತಾಳದ ಮೊದಲ ಪೆಟ್ಟು, ಸಮ್, ಬರುವ ಮೊದಲೇ. ದಾದ್ ಕೊಡುವುದಕ್ಕೂ ತಾಲೀಮು ಬೇಕು. ನಾಳೆ ಬಾ, ಹೇಳಿಕೊಡುತ್ತೇನೆ ಎಂದಿದ್ದೇನೆ. ಬರುವಾಗ ಕೊಂಬು ತರಲೂ ಹೇಳಿದ್ದೇನೆ. ಖಾಲಿ ಕೈಯಲ್ಲಿ ಬಂದು ಏನು ಮಾಡುತ್ತಾನೆ?